ಇಳಿಯೋಣ ಎಂದವನ ಸಾಲು

ಹಾ-ಸೆಖೊಬೆ ಊರಿನಲ್ಲಿ ಮಾ-ಸೆಲ್ಲೊಳ ಮನೆಯ ಮುಂದಿನ ಗಳುವಿಗೆ ಬಿಳಿ ಬಾವುಟ ಏರಿತೆಂದರೆ ಜೋಳದ ಹೆಂಡ ಹದಕ್ಕೆ ಬಂದಿದೆ ಎಂದರ್ಥ. ಹೆಂಡ ಹದಕ್ಕೆ ಬಂತೆಂದರೆ ಸಂಜೆಯೊಳಗೆ ಸೈನ್ಯದ ಮಾತು ಬಂದೇ ಬರುತ್ತದೆ. ಮಳೆಯನ್ನು ಬೈದು, ಕುರಿಯ ಕಜ್ಜಿಗೆ ಔಷಧಿ ಹೇಳಿ, ಯಾರ ಮಗಳು ಯಾರ ಜೊತೆ ನಕ್ಕಳು ಎಂಬುದೂ ಮುಗಿದ ಮೇಲೆ ನಮ್ಮ ಲೆಸೊಥೊದ ಗಂಡಸರಿಗೆ ಉಳಿಯುವುದು ಅದೊಂದೇ. ನಾಲ್ಕು ದಿಕ್ಕಿಗೂ ಒಂದೇ ದೊಡ್ಡ ದೇಶ ಸುತ್ತಿಕೊಂಡು ಕೂತಿರುವಾಗ ಅಂಗೈಯಗಲದ ನಾಡಿನವರು ತಮ್ಮ ಪೌರುಷವನ್ನು ಆಗಾಗ ಹೊರಗೆ ತೆಗೆದು ಬಿಸಿಲಿಗೆ ಹಾಕದಿದ್ದರೆ ಅದು ಬೂಷ್ಟು ಹಿಡಿಯುತ್ತದೆ.

ಆ ಶನಿವಾರ ಮಾತು ಎತ್ತಿದವರು ರಮಾಯಿಲಿ ಮೇಷ್ಟ್ರು. ಮುಂದಿನ ವಾರ ಮೊಶ್ವೆಶ್ವೆ ದೊರೆಯ ದಿನ. ಮೇಷ್ಟ್ರು ನಿವೃತ್ತರಾಗಿ ಹನ್ನೊಂದು ವರ್ಷವಾಗಿದ್ದರೂ ಮಾರ್ಚ್ ತಿಂಗಳು ಬಂತೆಂದರೆ ಕೈಗೆ ಬೆತ್ತ ಬಂದಂತೆ ಆಡುತ್ತಿದ್ದರು. ಥಾಬಾ ಬೊಸಿಯು ಬೆಟ್ಟವನ್ನು ಇವತ್ತಿನವರೆಗೆ ಒಬ್ಬನೂ ಗೆದ್ದಿಲ್ಲ, ಬಿಳಿಯರ ಫಿರಂಗಿ ಬಂತು, ಕುದುರೆ ಬಂತು, ಎಲ್ಲ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋದವು, ಇಂಥ ಚರಿತ್ರೆ ಇರುವ ಇನ್ನೊಂದು ಪುಟ್ಟ ನಾಡನ್ನು ತೋರಿಸಿ ನೋಡೋಣ ಎಂದು ಅವರು ಎದೆಯುಬ್ಬಿಸಿ ಕೇಳಿದರು.

ತೋರಿಸಲು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಲೆತುಕಾ ಇದ್ದ. ಗಡಿಯಾಚೆಯ ಚಿನ್ನದ ಗಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದು, ಕೆಮ್ಮು ಹೊತ್ತುಕೊಂಡು ಬಂದವನು. ಅವನ ಬಾಯಲ್ಲಿ ಮುಂದಿನ ಎರಡು ಹಲ್ಲಿರಲಿಲ್ಲ. ಇದ್ದಿದ್ದರೂ ಮಾತು ಇಷ್ಟೇ ಚೂಪಾಗಿರುತ್ತಿತ್ತು.

"ಬೆಟ್ಟ ರಾತ್ರಿ ಹೊತ್ತು ಬೆಳೆಯುತ್ತೆ ಅಂತ ನೀವೇ ತಾನೇ ಮೇಷ್ಟ್ರೇ ನಮಗೆ ಪಾಠ ಹೇಳಿದ್ದು?" ಎಂದ. "ಆ ಸೆಪ್ಟೆಂಬರ್‌ನಲ್ಲಿ ಅವರು ಬೆಳಗ್ಗೆ ಬಂದ್ರು. ಬೆಟ್ಟಕ್ಕೆ ಎಚ್ಚರಾನೇ ಆಗ್ಲಿಲ್ಲ."

ನಕ್ಕವರು ನಕ್ಕರು. ಆ ಸೆಪ್ಟೆಂಬರ್ ಎಂದರೆ ಯಾವುದೆಂದು ಯಾರೂ ಕೇಳಬೇಕಿರಲಿಲ್ಲ. ತೊಂಬತ್ತೆಂಟರಲ್ಲಿ ರಾಜಧಾನಿಯಲ್ಲಿ ಗಲಭೆಯೆದ್ದು, ನೆರೆಯ ಸೈನ್ಯ ಗಡಿ ದಾಟಿ ಬಂದಿತ್ತು. ಕರೆದದ್ದಕ್ಕೆ ಬಂದರೆಂದು ಕೆಲವರು, ಕರೆಯದೆ ಬಂದರೆಂದು ಕೆಲವರು, ಬಂದದ್ದಂತೂ ನಿಜ. ಮೇಷ್ಟ್ರು ಆ ಮಾತಿನ ಹತ್ತಿರ ಹೋಗದೆ ಮತ್ತೆ ದೊರೆಯ ಕಾಲಕ್ಕೆ ಜಿಗಿದರು. ಇಂಗ್ಲಿಷರನ್ನು ಬಡಿದು ಹಿಂದಕ್ಕಟ್ಟಿದ ರಾತ್ರಿಯೇ ದೊರೆ ಅವರ ದಂಡನಾಯಕನಿಗೆ ಕಾಗದ ಬರೆಸಿದನಲ್ಲ, ನಿಮ್ಮ ಬಲ ತೋರಿಸಿದ್ದೀರಿ, ಶಿಕ್ಷೆ ಕೊಟ್ಟಿದ್ದೀರಿ, ಇಷ್ಟು ಸಾಕು ಎಂದು. ಗೆದ್ದವನು ಸೋತವನ ಹಾಗೆ ಬರೆದ, ಜನ ಉಳಿಯಿತು. ತಲೆ ಎಂದರೆ ಅದು ಎಂದರು. ಲೆತುಕಾ ಬಿಡಲಿಲ್ಲ. ಅಷ್ಟು ದೊಡ್ಡ ತಲೆ ಇದ್ದರೆ ಗಡಿಯ ಮೊಹೊಕಾರೆ ಹೊಳೆಯಾಚೆಯ ನಮ್ಮ ಗೋಧಿ ನೆಲ ಈಗ ಯಾರ ಕೈಯಲ್ಲಿದೆ, ಅಲ್ಲಿ ಕೂಲಿಗೆ ಹೋಗಿ ಕುಯ್ದು ಬಂದವನು ನಾನು, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತೀರಲ್ಲ, ಎಂದು ಜರೆದ.

ಸೆಯಾಬಾತ ಗೋಡೆಗೊರಗಿ ಕೂತಿದ್ದ. ಅರವತ್ತೆರಡರ ಈ ಮಾಜಿ ಕಾರ್ಪೊರಲ್ ಕಂಬಳಿಯನ್ನು ಗಂಟಲವರೆಗೆ ಎಳೆದುಕೊಂಡು ಹೆಂಡದ ಡಬ್ಬಿಯೊಳಗೆ ನೋಡುತ್ತಿದ್ದ. ಊರಿನಲ್ಲಿ ಆ ಸೆಪ್ಟೆಂಬರ್‌ನ ಕಾಳಗ ಕಂಡವರು ಇಬ್ಬರೇ. ಒಬ್ಬ ಫಾಕಿಸೊ, ಅವನು ಸತ್ತು ಅಲ್ಲಿನ ಬೆಟ್ಟದ ಮೇಲೆಯೇ ಉಳಿದ. ಇನ್ನೊಬ್ಬ ಇವನು, ಕೋಲಿಗೆ ಬಿಳಿ ಬನಿಯನ್ ಕಟ್ಟಿಕೊಂಡು ಇಳಿದು ಬಂದ. ಊರು ಅವನಿಗೆ 'ಇಳಿದವನು' ಎಂದು ಹೆಸರಿಟ್ಟು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಎದುರಿಗೆ ಹೇಳುತ್ತಿದ್ದವನು ಲೆತುಕಾ ಒಬ್ಬನೇ. ಉಳಿದವರು ಸಭ್ಯರು, ಬೆನ್ನ ಹಿಂದೆ ಹೇಳುತ್ತಿದ್ದರು.

"ಇಳಿದವನೇ, ಬಿಳಿ ಬಾವುಟ ನೋಡಿ ಮಾ-ಸೆಲ್ಲೊ ಮನೆ ಅಂದ್ಕೊಂಡು ಅವರು ಹೆಂಡ ಕೇಳ್ಲಿಲ್ವಾ?" ಎಂದ ಲೆತುಕಾ. ಆಮೇಲೆ, ಯಾಕೋ ನಗು ಬಿಟ್ಟು, "ಎಷ್ಟು ಹೊತ್ತು ನಿಂತ್ರಿ? ಅದನ್ನಾದ್ರೂ ಒಂದ್ಸಲ ಬಾಯಿಬಿಟ್ಟು ಹೇಳು ಮಾರಾಯ" ಎಂದ.

ಸೆಯಾಬಾತ ಡಬ್ಬಿ ಎತ್ತಿ ತಳದವರೆಗೆ ಕುಡಿದ. ಊರೊಡೆಯ ಮೊನಾಹೆಂಗ್ ಗಂಟಲು ಸರಿಪಡಿಸಿಕೊಂಡು ಬೇರೆ ಮಾತು ತೆಗೆದ. ಅದು ಬೇರೆ ಮಾತಾಗಿರಲಿಲ್ಲ. ಫಾಕಿಸೊನ ಮಗಳು ಖೊತ್ಸೊ ಸೈನ್ಯಕ್ಕೆ ಆಯ್ಕೆಯಾಗಿದ್ದಾಳೆ. ದೊರೆಯ ದಿನದ ಮರುದಿನ ತರಬೇತಿಗೆ ಹೊರಡುತ್ತಾಳೆ. ಅಪ್ಪನ ಬಿರುದನ್ನು, ಅಂದರೆ ಅವನ ಪರಾಕ್ರಮ ಹೊಗಳುವ ಪದವನ್ನು, ಅವಳಿಗೆ ಒಪ್ಪಿಸಿ ಕಳಿಸಬೇಕು.

ಖೊತ್ಸೊ ಎಂದರೆ ಶಾಂತಿ. ಅವಳ ತಾಯಿ ಮದುವೆಯಾಗಿ ಬಂದ ದಿನವೇ ಅತ್ತೆ ಮನೆಯವರು ಸೊಸೆಗೆ ಮಾ-ಖೊತ್ಸೊ, ಅಂದರೆ ಖೊತ್ಸೊನ ತಾಯಿ, ಎಂದು ಹೆಸರಿಟ್ಟಿದ್ದರು. ಹುಟ್ಟುವುದಕ್ಕೆ ಮೊದಲೇ ಹೆಸರು ಕಾದಿರುವುದು ನಮ್ಮಲ್ಲಿ ರೂಢಿ. ಅಪ್ಪ ಸತ್ತ ಮೂರು ತಿಂಗಳಿಗೆ ಹೆಣ್ಣು ಹುಟ್ಟಿ ಆ ಹೆಸರು ಹೊತ್ತಿತು. ಶಾಂತಿಯೇ ಸೈನ್ಯ ಸೇರಿದ ಮೇಲೆ ಇನ್ನು ನಮಗೆ ಶತ್ರು ಯಾರು ಎಂದು ಲೆತುಕಾ ಹೇಳಿದ್ದಕ್ಕೆ ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಸೆಯಾಬಾತನನ್ನು ನೋಡುತ್ತಿದ್ದರು.

ನೋಡಲು ಕಾರಣವಿತ್ತು. ಗಂಡಸಾದವನು ತನ್ನ ಬಿರುದನ್ನು ತಾನೇ ಕಟ್ಟುತ್ತಾನೆ, ಸಭೆಯ ಹಾಡಿನ ನಡುವೆ ಸಾಲಿನಿಂದ ಹೊರಗೆ ಹಾರಿ ನಿಂತು ಹೇಳುತ್ತಾನೆ. ಆದರೆ ಕಾಳಗದಲ್ಲಿ ಸತ್ತವನ ಕೊನೆಯ ಸಾಲನ್ನು ಅವನ ಎಡಗಡೆ ನಿಂತಿದ್ದವನು ಕಟ್ಟಬೇಕು. ಬೇರೆ ಯಾರು ಕಟ್ಟಿದರೂ ಅದು ಹಾ-ಸೆಖೊಬೆಯಲ್ಲಿ ನಡೆಯುವುದಿಲ್ಲ. ಸಾಲಿನಲ್ಲಿ ಸುಳ್ಳಿದೆ, ಮುಚ್ಚಿಟ್ಟದ್ದಿದೆ ಎಂದು ಜನಕ್ಕೆ ಅನಿಸಿದರೆ ಯಾರೂ ಜಗಳಕ್ಕೆ ಹೋಗುವುದಿಲ್ಲ, ಹಾಡನ್ನು ಮತ್ತೆ ಎತ್ತುವುದಿಲ್ಲ, ಅಷ್ಟೆ. ಹೇಳಿದವನು ಬಯಲಿನ ನಡುವೆ ಒಬ್ಬನೇ ನಿಂತಿರುತ್ತಾನೆ. ಫಾಕಿಸೊನ ಎಡಗಡೆ ನಿಂತಿದ್ದವನು ಸೆಯಾಬಾತ. ಫಾಕಿಸೊನ ಬಿರುದಿಗೆ ಕೊನೆಯ ಸಾಲು ಇವತ್ತಿಗೂ ಇರಲಿಲ್ಲ.

ಮಂಡಿನೋವು ಎಂದು ಗೊಣಗಿ ಸೆಯಾಬಾತ ಎದ್ದು ಹೋದ.

ಮರುದಿನ ಅವನು ಅಂಗಳದಲ್ಲಿ ಕುದುರೆಯ ಜೀನಿಗೆ ತೊಗಲು ಹೊಲಿಯುತ್ತಿದ್ದಾಗ ಮಾ-ಖೊತ್ಸೊ ಬಂದಳು. ಮೊರದ ತುಂಬ ಪೀಚ್ ಹಣ್ಣು ತಂದಿದ್ದಳು. ಕೂರು ಎನ್ನುವ ಮೊದಲೇ ಕೂತಳು. ಹಣ್ಣಿನ ಬಗ್ಗೆ, ಹುಳದ ಬಗ್ಗೆ ಸ್ವಲ್ಪ ಮಾತಾಡಿದಳು. ಮಗಳು ಹೊಸ ಬೂಟು ಹಾಕಿಕೊಂಡು ಮನೆಯೊಳಗೇ ನಡೆದು ನೆಲ ಕೆಡಿಸಿದ್ದನ್ನು ಹೇಳಿ ನಕ್ಕಳು. ಆಮೇಲೆ ಸೆರಗಿನಂತೆ ಹೊದ್ದ ಕಂಬಳಿಯ ಪಿನ್ನು ಬಿಚ್ಚಿ ಮತ್ತೆ ಚುಚ್ಚಿಕೊಂಡಳು.

"ಇಷ್ಟು ವರ್ಷ ನಾನು ನಿಮ್ಮನ್ನ ಏನೂ ಕೇಳ್ಲಿಲ್ಲ ನ್ತಾತೆ," ಎಂದಳು. ಹಿರಿಯ ಗಂಡಸನ್ನು ಅಪ್ಪಾ ಎನ್ನುವ ಆ ಮಾತನ್ನು ಊರಿನಲ್ಲಿ ಅವನಿಗೆ ಮನಸಾರೆ ಹೇಳುತ್ತಿದ್ದವರು ಕಡಿಮೆ. "ಬೇಗ ಹೋದ, ನೋವಾಗ್ಲಿಲ್ಲ ಅಂದ್ರಿ. ನಂಬಿದೆ. ನಂಬದೇ ಇದ್ರೆ ನಿದ್ದೆ ಬರ್ತಿರ್ಲಿಲ್ಲ. ಈಗ ಅವಳು ಹೊರಟಿದ್ದಾಳೆ. ಅಲ್ಲಿ ಯಾರಾದ್ರೂ, ನಿಮ್ಮಪ್ಪ ಹೆಂಗೆ ಸತ್ತ ಅಂದ್ರೆ ಏನು ಹೇಳ್ಬೇಕು? ಜೊತೆಗಾರ್ರು ಬಿಟ್ಟು ಬಂದ್ರು, ಒಬ್ಬನೇ ಸತ್ತ ಅಂತಾನಾ?"

"ಊರು ಹಾಗೇ ಅಂತಿದೆ," ಎಂದ ಸೆಯಾಬಾತ.

"ಊರು ಅನ್ನೋದು ನಂಗೂ ಕೇಳ್ಸುತ್ತೆ. ನೀವು ಅನ್ನೋದು ಕೇಳ್ಬೇಕು."

ಅವಳು ಮೊರ ಅಲ್ಲೇ ಬಿಟ್ಟು ಹೋದಳು. ಸೆಯಾಬಾತ ಸೂಜಿಯನ್ನು ತೊಗಲಿಗೆ ಚುಚ್ಚಿ ಹಾಗೇ ಕೂತ. ಬಿಟ್ಟು ಬಂದ ಎಂಬ ಅಪವಾದ ಅವನಿಗೆ ಅಷ್ಟು ಭಾರವಾಗಿರಲಿಲ್ಲ. ನಿಜ ಹೇಳಬೇಕೆಂದರೆ ಅದರ ನೆರಳಿನಲ್ಲಿ ಅವನು ಅಡಗಿಕೊಂಡಿದ್ದ. ಅದಕ್ಕಿಂತ ಕೆಟ್ಟದ್ದು ಅವನ ಹೊಟ್ಟೆಯಲ್ಲಿತ್ತು.

ಆ ಸೆಪ್ಟೆಂಬರ್‌ನ ಬೆಳಗ್ಗೆ ಅವರು ಏಳು ಜನ ಒಂದು ಸೇತುವೆ ಕಾಯುತ್ತಿದ್ದರು. ರೇಡಿಯೋದಲ್ಲಿ ಸುದ್ದಿ ಬಂತು, ಗಡಿ ದಾಟಿದ್ದಾರೆ, ನಿಮ್ಮ ಕಡೆಗೂ ಬರುತ್ತಿದ್ದಾರೆ. ಎಡಕ್ಕೆ ಕೊಳ್ಳ, ಪೊದೆ ತುಂಬಿದ್ದು, ಆಳವಾದದ್ದು. ಬಲಕ್ಕೆ ಚಪ್ಪಟೆ ನೆತ್ತಿಯ ಬೆಟ್ಟ. ಫಾಕಿಸೊ ಕೊಳ್ಳ ತೋರಿಸಿ, ಇಳಿಯೋಣ, ಅಲ್ಲಿಂದ ಸೇತುವೆಯೂ ಕಾಣುತ್ತದೆ, ನಾವು ಕಾಣುವುದಿಲ್ಲ ಎಂದ. ಕಾರ್ಪೊರಲ್ ಸೆಯಾಬಾತ ಬೆಟ್ಟ ನೋಡಿದ. ಅಪಾಯ ಬಂತೆಂದರೆ ನಮ್ಮ ಜನರ ಕಾಲು ತಾನಾಗಿ ಮೇಲಕ್ಕೆ ಹೋಗುತ್ತದೆ. ಇನ್ನೂರು ವರ್ಷದ ಅಭ್ಯಾಸ ಅದು: ದನ ಹತ್ತಿಸು, ಹೆಂಗಸರನ್ನು ಹತ್ತಿಸು, ಮೇಲಿನಿಂದ ಬಂಡೆ ಉರುಳಿಸು. ತೊಟ್ಟಿಲಲ್ಲಿ ಕೇಳಿದ್ದು, ಶಾಲೆಯಲ್ಲಿ ಕಲಿತದ್ದು, ಎಲ್ಲ ಅದೇ.

"ಬಿಲಕ್ಕೆ ಇಳಿಯೋದು ಇಲಿ," ಎಂದಿದ್ದ ಅವನು, ಎಲ್ಲರ ಎದುರಿಗೆ. "ನಮ್ಮೋರು ಹತ್ತುತಾರೆ. ಹತ್ತಿ."

ಫಾಕಿಸೊನ ಮುಖ ಕಪ್ಪಿಟ್ಟಿತು. ಮರುಮಾತಾಡದೆ ಎಲ್ಲರಿಗಿಂತ ಮೊದಲು ಹತ್ತಿದ, ದೊಡ್ಡ ಬಂದೂಕನ್ನು ತಾನೇ ಹೊತ್ತು. ಅವರು ನೆತ್ತಿ ತಲುಪಿ, ಕಲ್ಲು ಅಡ್ಡವಿಟ್ಟು, ಕೆಳಗಿನ ದಾರಿಗೆ ಗುರಿ ಹಿಡಿದು ಕೂತರು. ಹೆಲಿಕಾಪ್ಟರ್ ಮೇಲಿನಿಂದ ಬಂತು. ಬಂಡೆಯನ್ನು ಯಾರ ಮೇಲೆ ಉರುಳಿಸುವುದು?

ಊರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಉಳಿದ ಐವರು ಬೇರೆ ಬೇರೆ ಸೀಮೆಯವರು. ಸುದ್ದಿ ಇಲ್ಲಿಗೆ ಬಂದಿರಲಿಲ್ಲ. ಹೇಳಿದರೆ ಫಾಕಿಸೊನ ಹೆಂಡತಿಗೆ, ನಿನ್ನ ಗಂಡನನ್ನು ಕೊಂದದ್ದು ನನ್ನ ಜಂಬ ಎಂದು ಹೇಳಿದ ಹಾಗೆ. ಹೇಳದಿದ್ದರೆ ಆ ಹುಡುಗಿ ಅಪ್ಪನಿಗೆ ಸಾಲಿಲ್ಲದೆ ಸೈನ್ಯಕ್ಕೆ ಹೋಗುತ್ತಾಳೆ. ಆ ವಾರವೆಲ್ಲ ಅವನು ಪೀಚ್ ಹಣ್ಣು ಮುಟ್ಟಲಿಲ್ಲ, ಕುದುರೆ ತಿಂದಿತು.

ದೊರೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಚಾವಡಿ ಬಯಲಿನಲ್ಲಿ ಬೆಳಗ್ಗೆಯೇ ಎರಡು ಎತ್ತು ಕೊಯ್ದು ಹಂಡೆಗೆ ಹಾಕಿದ್ದರು, ಹೆಂಗಸರು ಮೆಕ್ಕೆಜೋಳದ ಮುದ್ದೆ ತೊಳಸುತ್ತಿದ್ದರು. ಗಂಡಸರು ಹಬ್ಬದ ಕಂಬಳಿ ಹೊದ್ದು, ಹುಲ್ಲಿನ ಟೋಪಿ ಇಟ್ಟು, ಕೋಲು ಹಿಡಿದು ಅರ್ಧಚಂದ್ರಾಕಾರದಲ್ಲಿ ನಿಂತರು. ರಮಾಯಿಲಿ ಮೇಷ್ಟ್ರು ಭಾಷಣ ಮಾಡಿದರು. ನಾವು ಸೋಲರಿಯದ ಜನ ಎಂಬುದನ್ನು ಒಂಬತ್ತು ಸಲ ಹೇಳಿದರು. ಹತ್ತನೆಯ ಸಲಕ್ಕೆ ಲೆತುಕಾ ಕೆಮ್ಮಿದ, ಅದು ಕಾಯಿಲೆಯ ಕೆಮ್ಮಾಗಿರಲಿಲ್ಲ.

ಆಮೇಲೆ ಹಾಡು ಎದ್ದಿತು. ಗಂಡಸರ ಆ ಹಾಡಿಗೆ ವಾದ್ಯವಿಲ್ಲ. ನೆಲಕ್ಕೆ ಬೀಳುವ ಕಾಲೇ ವಾದ್ಯ. ಒಬ್ಬೊಬ್ಬರಾಗಿ ಹೊರಗೆ ಹಾರಿದರು. ಮೊನಾಹೆಂಗ್ ತನ್ನ ಅಜ್ಜನ ಕಾಲದ ದನಗಳನ್ನು ಹೊಗಳಿದ. ಲೆತುಕಾ, ತಾನು ಎರಡು ಮೈಲಿ ನೆಲದೊಳಗೆ ಇಳಿದು ಬೇರೆಯವರ ಚಿನ್ನ ತೆಗೆದವನೆಂದೂ ತಮ್ಮೂರ ಹೆಸರಿಗಾಗಿ ಎರಡು ಹಲ್ಲು ಗಣಿಯಲ್ಲಿ ಬಿಟ್ಟು ಬಂದವನೆಂದೂ ಹೇಳಿದ. ಹಾಡು ಅವನನ್ನು ಎತ್ತಿಕೊಂಡಿತು.

ಸೆಯಾಬಾತ ಸಾಲಿನ ತುದಿಯಲ್ಲಿದ್ದ. ಎದುರಿಗೆ ಹೆಂಗಸರ ನಡುವೆ ಮಾ-ಖೊತ್ಸೊ, ಅವಳ ಪಕ್ಕದಲ್ಲಿ ಖೊತ್ಸೊ. ಅಪ್ಪನ ಅಗಲ ಹಣೆ, ಅಪ್ಪನ ಹಾಗೆಯೇ ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ರೀತಿ. ಅದನ್ನು ನೋಡಿದ ಮೇಲೆ ಅವನ ಕಾಲು ಅವನ ಮಾತು ಕೇಳಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಒಂದು ಹೆಜ್ಜೆಯನ್ನೂ ಮುಂದಿಡದವನು ಬಯಲಿನ ನಡುವೆ ನಿಂತಿದ್ದ. ಹಾಡು ಇಳಿಯಿತು. ಯಾರೋ ಮಕ್ಕಳನ್ನು ಸುಮ್ಮನಾಗಿಸಿದರು.

ಅವನು ಕೋಲು ಎತ್ತಿ ಹೇಳತೊಡಗಿದ.

"ನಾನು ಸೆಯಾಬಾತ, ಹತ್ತಿ ಎಂದವನು.
ಇಳಿಯೋಣ ಎಂದವನನ್ನು ಇಲಿ ಎಂದವನು.
ಬೆಟ್ಟ ನೋಡಿದೆ, ಆಕಾಶ ನೋಡಲಿಲ್ಲ;
ಅಜ್ಜನ ಶತ್ರುವಿಗೆ ಕಾದೆ, ನನ್ನ ಶತ್ರು ಮೇಲಿಂದ ಬಂದ.
ಏಳು ಜನ ಹತ್ತಿದೆವು, ಆರು ಜನ ಇಳಿದೆವು.
ಗಾಯಾಳು ಇಬ್ಬರು, ನನ್ನ ಬನಿಯನ್ ಬಿಳಿ;
ಅವರಿಗೆ ವೈದ್ಯ ಬೇಕಿತ್ತು, ನನಗೆ ನಾಚಿಕೆ ಇರಲಿಲ್ಲ.

ನನ್ನ ಬಲಗಡೆ ಫಾಕಿಸೊ, ಮಾ-ಖೊತ್ಸೊಳ ಗಂಡ.
ಇಲಿ ಎನಿಸಿಕೊಂಡು ಎಲ್ಲರಿಗಿಂತ ಮೊದಲು ಹತ್ತಿದ ಸಿಂಹ.
ನೀವು ಕೊಳ್ಳಕ್ಕೆ ಇಳಿಯಿರಿ, ನಾನು ಬಾಗಿಲು ಹಾಕಿ ಬರುತ್ತೇನೆ ಎಂದವನು.
ದೊಡ್ಡ ದೇಶದ ಹಕ್ಕಿ ಎರಡು ಸಲ ಬಂತು,
ಎರಡು ಸಲವೂ ಅವನೊಬ್ಬನಿಗೆ ಹೆದರಿ ಹಿಂದೆ ಸರಿಯಿತು.
ನೆರಳು ಕಾಲ ಕೆಳಗೆ ಬರುವವರೆಗೆ ಅವನ ಬಂದೂಕು ನಿಲ್ಲಲಿಲ್ಲ, ಅದು ನಿಂತ ಮೇಲೆಯೇ ನನ್ನ ಬನಿಯನ್ ಏರಿತು.
ಇಳಿಯೋಣ ಎಂದವನು, ಇಳಿಯದೆ ನಿಂತವನು."

ಮುಗಿಯಿತು. ಹಾಡು ಏಳಲಿಲ್ಲ.

ಸೆಯಾಬಾತ ಕೋಲೂರಿ ನಿಂತ. ಊರು ಅವನನ್ನು ನೋಡುತ್ತಿತ್ತು, ಆದರೆ ಅದು ಎಂದಿನ ನೋಟವಾಗಿರಲಿಲ್ಲ. ಅವನಿಗೆ ಅದನ್ನು ಓದಲು ಬರಲಿಲ್ಲ. ಸೋಲರಿಯದ ಜನದ ಚರಿತ್ರೆಯಲ್ಲಿ ಇದನ್ನು ಎಲ್ಲಿ ಇಡಬೇಕೆಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಮಾ-ಖೊತ್ಸೊ ತಲೆ ತಗ್ಗಿಸಿದ್ದಳು. ಕಂಬಳಿಯ ಪಿನ್ನಿನ ಮೇಲೆ ಅವಳ ಕೈ ಇತ್ತು. ಗಂಡ ಇಳಿಯೋಣ ಎಂದಿದ್ದನೆಂಬುದು, ಇಳಿದಿದ್ದರೆ ಬದುಕುತ್ತಿದ್ದನೆಂಬುದು ಅವಳಿಗೆ ತಿಳಿದು ಈಗ ಮೂರು ಉಸಿರಿನಷ್ಟು ಹೊತ್ತಾಗಿತ್ತು. ಅವಳು ಬೈದರೆ ಬೈಸಿಕೊಳ್ಳಲು, ಕಲ್ಲೆತ್ತಿದರೆ ಹೊಡೆಸಿಕೊಳ್ಳಲು ಸೆಯಾಬಾತ ಸಿದ್ಧನಾಗಿದ್ದ.

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ಕುತ್ತಿಗೆ ನೆಟ್ಟಗಿತ್ತು. ನಾಲಗೆ ಹೊರಳಿಸಿ, ಮದುವೆಯ ದಿಬ್ಬಣ ಬಂದಾಗ ಹೆಂಗಸರು ಹಾಕುವ ಆ ಕೇಕೆಯನ್ನು ಹಾಕಿದಳು. ಒಂದೇ ಉಸಿರಿನಲ್ಲಿ, ಉದ್ದಕ್ಕೆ, ಬಯಲಾಚೆಯ ಬಂಡೆಗೆ ಬಡಿದು ವಾಪಸು ಬರುವ ಹಾಗೆ. ಅವಳ ಹಿಂದೆ ಊರಿನ ಎಲ್ಲ ಹೆಂಗಸರೂ ಹಾಕಿದರು.

ಗಂಡಸರ ಸಾಲಿನಲ್ಲಿ ಮೊದಲು ಕಾಲು ಬಡಿದವನು ಲೆತುಕಾ. ಅವನು ಅಳುತ್ತಿದ್ದ, ಅದನ್ನು ಮುಚ್ಚಿಡಲೂ ಇಲ್ಲ. ಆ ಸೆಪ್ಟೆಂಬರ್‌ನಲ್ಲಿ ಗಣಿಯ ವಸತಿಯಲ್ಲಿ, ನಿಮ್ಮ ಸೈನ್ಯ ಬೆಳಗಿನ ಗಂಜಿ ಮುಗಿಸುವಷ್ಟರಲ್ಲಿ ಓಡಿತಲ್ಲ ಎಂದು ನಕ್ಕವರಿಗೆ ಅವನು, ಇಲ್ಲ, ನಡುಮಧ್ಯಾಹ್ನದವರೆಗೆ ನಿಂತರು ಎಂದು ಸುಮ್ಮನೆ ಹೇಳಿಬಿಟ್ಟಿದ್ದ. ಆ ಮಾತಿಗೇ ಎರಡು ಹಲ್ಲು ಹೋಗಿದ್ದವು. ಅದು ನಿಜವಾಗಿತ್ತೆಂದು ಇವತ್ತು ತಿಳಿಯಿತು.

"ನಡುಮಧ್ಯಾಹ್ನ!" ಎಂದು ಕೂಗಿ ಅವನು ಹಾಡು ಎತ್ತಿದ. ನೆಲ ಅದುರಿತು.

ಖೊತ್ಸೊ ರೂಢಿಯಂತೆ ನಡೆದು ಬಂದು ಸೆಯಾಬಾತನ ಕೋಲಿನ ಮೇಲ್ತುದಿ ಹಿಡಿದಳು. ಹೊಸ ಬೂಟು ಕಿರುಗುಟ್ಟುತ್ತಿತ್ತು. ಅಪ್ಪನ ಸಾಲನ್ನು ಅವಳು ಒಮ್ಮೆ ಹೇಳಿ ಒಪ್ಪಿಸಿಕೊಳ್ಳಬೇಕು. ಹೇಳಿದಳು: ಇಳಿಯೋಣ ಎಂದವನು, ಇಳಿಯದೆ ನಿಂತವನು. ಅಲ್ಲಿಗೆ ಮುಗಿಯಬೇಕಿತ್ತು. ಅವಳು ಕೋಲು ಬಿಡದೆ ಮುಂದುವರಿಸಿದಳು: ಏಳು ಜನ ಹತ್ತಿದೆವು, ಆರು ಜನ ಇಳಿದೆವು, ಅವರಿಗೆ ವೈದ್ಯ ಬೇಕಿತ್ತು, ನನಗೆ ನಾಚಿಕೆ ಇರಲಿಲ್ಲ.

"ಅದು ನಿಂದಲ್ಲ ಮಗಳೇ," ಎಂದ ಸೆಯಾಬಾತ ಮೆಲ್ಲಗೆ. "ಅದು ನನ್ನ ಸಾಲು. ಹೊರೋಕೆ ಒಳ್ಳೇದಲ್ಲ."

"ಎರಡೂ ಬೇಕು ನ್ತಾತೆ," ಎಂದಳು ಖೊತ್ಸೊ. "ನೀವೂ ಮೇಲೇ ಉಳಿದಿದ್ರೆ ನಮ್ಮಪ್ಪನ ಸಾಲನ್ನ ನಂಗೆ ಯಾರು ಹೇಳ್ತಿದ್ರು?"

ಅವಳು ಕೋಲು ಬಿಟ್ಟು ತಾಯಿಯ ಬಳಿಗೆ ಹೋದಳು. ಸೆಯಾಬಾತ ತಿರುಗಿ ಗಂಡಸರ ಸಾಲಿಗೆ ಬಂದ. ತುದಿಯಲ್ಲಿ ನಿಲ್ಲಲು ಹೋದವನನ್ನು ಲೆತುಕಾ ಕಂಬಳಿ ಹಿಡಿದು ಎಳೆದು ತನ್ನ ಎಡಗಡೆ, ಕೊನೆಯ ಸಾಲು ಕಟ್ಟುವವನ ಜಾಗದಲ್ಲಿ, ನಿಲ್ಲಿಸಿಕೊಂಡ. "ಇಲ್ಲಿ ನಿಲ್ಲು ಇಳಿದವನೇ," ಎಂದ. ಸೆಯಾಬಾತ ಕೋಲು ಎತ್ತಿ, ಹಾಡು ಎಲ್ಲಿಗೆ ಬಂದಿದೆಯೆಂದು ಕೇಳಿಸಿಕೊಂಡು, ದನಿ ಸೇರಿಸಿದ.